ನಶ್ಯದ ಡಬ್ಬಿಯಲ್ಲಿದ್ದ ಮೀಸೆ

ಆಗ ನನಗೆ ಅರವತ್ತೊಂದು. ಅದಾಗಿ ಎಂಟು ವರ್ಷ ಆಯಿತು. ಈಗಿನ ವಯಸ್ಸು ನೀವೇ ಕೂಡಿಕೊಳ್ಳಿ. ಮೂರನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳವಾಡಿ ಸ್ಲೇಟು ಬಿಟ್ಟು ಬಂದವಳು ನಾನು.

ಇಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ರಜಕ್ಕೆ ಬಂದ ಮೊಮ್ಮಗಳು ನನ್ನ ಟ್ರಂಕಿಗೆ ಕೈ ಹಾಕಿ ಒಂದು ನಶ್ಯದ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದ್ದೇ ತಡ, ಡಬ್ಬಿ ಒಂದು ಕಡೆ, ಮುಚ್ಚಳ ಒಂದು ಕಡೆ, ಅವಳು ಮಂಚದ ಮೇಲೆ.

"ಅಜ್ಜಿ, ಕಂಬಳಿಹುಳ."

"ಹುಳ ಅಲ್ಲ ಕಣೇ, ಮೀಸೆ."

"ಯಾರ್ದು?"

"ನಿಮ್ಮ ತಾತಂದು."

"ತಾತನ ಮೀಸೆ ತಾತನ ಮುಖದ ಮೇಲೇ ಇದೆಯಲ್ಲ."

"ಅದು ಬೇರೆ, ಇದು ಬೇರೆ" ಅಂದು ಎದ್ದುಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಎದ್ದುಹೋದೆ. ಒಂದು ಕಡೆ ಕೂತು ಕಥೆ ಹೇಳುವ ಅಭ್ಯಾಸ ನನಗಿಲ್ಲ. ಕೂತರೆ ಕಾಲು ತುರಿಸುತ್ತದೆ, ನಿಂತರೆ ಕೈ ತುರಿಸುತ್ತದೆ. ಈಗ ಬರೆಯುವಾಗಲೂ ಅಷ್ಟೇ. ಇಷ್ಟು ಬರೆಯುವುದರೊಳಗೆ ಎರಡು ಸಲ ಹಿತ್ತಲಿಗೆ ಹೋಗಿ ಬಂದಿದ್ದೇನೆ, ಒಣಗಿದ ಬಟ್ಟೆಯನ್ನು ಇನ್ನೊಂದು ಸಲ ಮುಟ್ಟಿ ನೋಡಿದ್ದೇನೆ. ಹಾಗಾಗಿ ನನ್ನ ಮಾತು ಅಲ್ಲಿಂದಿಲ್ಲಿಗೆ ಹಾರಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಯಜಮಾನರನ್ನು ನೀವು ನೋಡಿರುತ್ತೀರಿ. ಸಂಜೆ ಏಳೂವರೆಯ ಧಾರಾವಾಹಿಯಲ್ಲಿ ದೊಡ್ಡ ಪೇಟ ಕಟ್ಟಿಕೊಂಡು, ಗಿರಿಜಾ ಮೀಸೆ ತಿರುವುತ್ತಾ, ಹೆತ್ತ ಮಗಳ ಕಣ್ಣಲ್ಲಿ ನೀರು ತರಿಸುತ್ತಿದ್ದ ದೊಡ್ಡಯ್ಯ ಇವರೇ. ಟೀವಿಯಲ್ಲಿ ಅವರು ಕೂಗಿದರೆ ಹತ್ತು ಆಳು ಓಡಿ ಬರುತ್ತಿದ್ದರು. ಮನೆಯಲ್ಲಿ ಟವೆಲ್ಲಿಗೆ ಕೂಗಿದರೆ ಬೆಕ್ಕೂ ತಿರುಗಿ ನೋಡುತ್ತಿರಲಿಲ್ಲ.

ನನ್ನ ತವರು ಹೊಳೆನರಸೀಪುರ. ಹಿತ್ತಲು ದಾಟಿದರೆ ಹೊಳೆ. ಹೆಣ್ಣು ನೋಡಲು ಇವರು ಬಂದ ದಿನ ನಮ್ಮ ಮನೆಯಲ್ಲಿ ಒಂದು ಗುಸುಗುಸು ಎದ್ದಿತು. ಗಂಡಿನ ಮೇಲ್ದುಟಿ ನುಣ್ಣಗೆ, ಮೀಸೆಯ ಸುಳಿವೇ ಇಲ್ಲ. ನಮ್ಮ ಕಡೆ ಅಪ್ಪನೋ ಅವ್ವನೋ ಹೋದಾಗ ಮಾತ್ರ ಗಂಡುಮಗ ತಲೆ, ಮೀಸೆ ಎರಡನ್ನೂ ತೆಗೆಸುವುದು. ಅವರಿಬ್ಬರೂ ಇರುವಾಗ ಮೀಸೆಗೆ ಕತ್ತಿ ತಾಗಿಸಿದರೆ ಅಪಶಕುನ. ನಮ್ಮಪ್ಪ ತಡೆಯಲಾರದೆ ಕೇಳಿಯೇ ಬಿಟ್ಟರು.

"ಗಂಡಿನ ತಂದೆ ತೀರ್ಕಂಡು ಎಷ್ಟು ದಿನ ಆಯ್ತು?"

ಪಕ್ಕದಲ್ಲಿ ಕೂತಿದ್ದ ಒಬ್ಬರು ಚಕ್ಕುಲಿ ಅಗಿಯುವುದನ್ನು ನಿಲ್ಲಿಸಿದರು. "ನಾನೇ ಕಣಪ್ಪ ಅವ್ನ ತಂದೆ. ಇನ್ನೂ ಓಗಿಲ್ಲ, ಚಕ್ಕುಲಿ ಮುಗೀಲಿ ತಡಿ."

ಆಮೇಲೆ ಗೊತ್ತಾಯಿತು. ಗಂಡು ನಾಟಕದಲ್ಲಿ ರಾಣಿಯ ಪಾರ್ಟು ಮಾಡುತ್ತಾನೆ, ಅದಕ್ಕೆ ಮೀಸೆ ಬಿಡುವುದಿಲ್ಲ. ನಮ್ಮಪ್ಪ ಯೋಚನೆ ಮಾಡಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಹದಿನೆಂಟು ವರ್ಷದವಳಿಗೆ ಗಂಡನ ಮೀಸೆಯ ಬಗ್ಗೆ ಅಭಿಪ್ರಾಯ ಎಲ್ಲಿಂದ ಬರಬೇಕು. ಇವರಿಗೆ ನೀರಾವರಿ ಇಲಾಖೆಯಲ್ಲಿ ಸೌಡಿ ಕೆಲಸ ಇತ್ತು, ನಾಲೆಯ ತೂಬು ತೆಗೆಯುವುದು, ಮುಚ್ಚುವುದು. ಆ ಕೆಲಸ ನೋಡಿ ಕೊಟ್ಟರು.

ಮದುವೆಯಾದ ಮೇಲೆ ಇವರ ಮೇಲ್ದುಟಿಯ ಮೇಲೆ ಒಂದು ಗಾಯದ ಗೆರೆ ಕಂಡಿತು. ಭತ್ತದ ಕಾಳಿನಷ್ಟು ಉದ್ದ, ಸ್ವಲ್ಪ ಸೊಟ್ಟ. ಏನು ಅಂತ ಕೇಳಿದರೆ ಹೇಳಲಿಲ್ಲ. ಅತ್ತೆ ಹೇಳಿದರು. ಒಂಬತ್ತು ವರ್ಷದ ಮಗ ಹಸು ಬಿಟ್ಟು ನಾಟಕ ನೋಡಲು ಓಡಿದ್ದಕ್ಕೆ ಕೈಯಲ್ಲಿದ್ದ ಸೌಟು ಬೀಸಿದ್ದರಂತೆ. "ಬೆನ್ನಿಗೆ ಅಂತ ಬೀಸ್ದೆ, ಮುಂಡೇದು ತಿರುಗ್ಬುಡ್ತು" ಅಂದರು. ಅದನ್ನು ಹೇಳುವಾಗ ಅವರು ಅವರೆಕಾಯಿ ಬಿಡಿಸುತ್ತಿದ್ದರು. ಕೈ ಒಂದು ಕ್ಷಣ ನಿಂತಿತು, ಮತ್ತೆ ಬಿಡಿಸತೊಡಗಿತು.

ಗೊರೂರಿನ ಕ್ವಾರ್ಟರ್ಸಿನಲ್ಲಿ ನಾವು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಇದ್ದೆವು. ಡ್ಯಾಮಿನ ಸೈರನ್ನು ಕೂಗಿದರೆ ತೊಟ್ಟಿಲಲ್ಲಿದ್ದ ಮಗು ಎದ್ದು ಕೂರುತ್ತಿತ್ತು. ಇವರು ಹಗಲು ನೀರು ಬಿಡುತ್ತಿದ್ದರು, ಸಂಜೆ ತಾಲೀಮು ಮಾಡುತ್ತಿದ್ದರು. ನಾನು ಮೀಸೆ ಮಾಡುತ್ತಿದ್ದೆ.

ನಗಬೇಡಿ, ನಿಜವಾಗಿ ಮಾಡುತ್ತಿದ್ದೆ. ನಾಟಕದ ಸೀನರಿಯವರು ಬಾಡಿಗೆಗೆ ತರುತ್ತಿದ್ದ ಮೀಸೆಗಳು ಪೊರಕೆಯ ತುಂಡಿನ ಹಾಗೆ ಇರುತ್ತಿದ್ದವು. ಒಂದು ದಿನ ಬೇಸರಕ್ಕೆ ನಾನೇ ಕೂತು ಒಂದು ಮಾಡಿದೆ. ಸೊಳ್ಳೆಪರದೆಯ ಚೂರನ್ನು ತುಟಿಯ ಆಕಾರಕ್ಕೆ ಕತ್ತರಿಸಬೇಕು. ಕರಿ ಕುರಿಯ ಉಣ್ಣೆಯನ್ನು ಎಳೆ ಎಳೆಯಾಗಿ ಸೂಜಿಯಲ್ಲಿ ಒಂದೊಂದು ಕಣ್ಣಿಗೆ ಹೊಗಿಸಿ ಗಂಟು ಹಾಕಬೇಕು. ಆಮೇಲೆ ಹರಳೆಣ್ಣೆ ಸವರಿ ತಿರುವಬೇಕು. ಅದನ್ನು ನೋಡಿದ ಮೇಲೆ ಸುತ್ತಲಿನ ಊರಿನ ಮಂತ್ರಿ, ರಾಜ, ರಾಕ್ಷಸರೆಲ್ಲ ನನ್ನ ಬಾಗಿಲಿಗೆ ಬರತೊಡಗಿದರು. "ಅಕ್ಕ, ನಂಗೊಂದು ಕೋಪದ್ದು ಮಾಡ್ಕೊಡಿ." "ಅಕ್ಕ, ನಂದು ಎರಡನೇ ಅಂಕದಲ್ಲಿ ಸಾಯ್ತದೆ, ಸಣ್ಣದು ಸಾಕು." ಮೂರು ಮಕ್ಕಳನ್ನು ಹೆತ್ತ ಹೊತ್ತಿನಲ್ಲೇ ನೂರಾರು ಮೀಸೆಯನ್ನೂ ಹೆತ್ತೆ. ನನ್ನ ಗಂಡನೊಬ್ಬನಿಗೇ ನನ್ನ ಮೀಸೆ ಬೇಕಿರಲಿಲ್ಲ.

ದೊಡ್ಡಗದ್ದವಳ್ಳಿಯಲ್ಲಿ ಒಂದು ಸಲ ರಾಜ ಮಂತ್ರಿಯನ್ನು ತಬ್ಬಿಕೊಂಡ. ಬಿಟ್ಟಾಗ ರಾಜನ ಮೀಸೆ ಮಂತ್ರಿಯ ಭುಜದ ಮೇಲಿತ್ತು. ಮೀಸೆ ನನ್ನದು, ಅಂಟು ಅವರದು. ಮೊದಲು ನಕ್ಕವಳು ನಾನೇ, ಅದೂ ಮುಂದಿನ ಸಾಲಿನಲ್ಲಿ ಕೂತು. ರಾಣಿಯಾಗಿದ್ದ ನಮ್ಮ ಯಜಮಾನರು ಸಿಂಹಾಸನದ ಮೇಲಿಂದ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಮೂರು ದಿನ ಮಾತಾಡಲಿಲ್ಲ. ಊಟಕ್ಕೆ ಮಾತ್ರ ಗಂಟಲು ಕ್ಯಾಕರಿಸುತ್ತಿದ್ದರು.

ಮಾವ ಹೋದದ್ದು ಆ ದಿನಗಳಲ್ಲೇ. ತಿಥಿಯ ಬೆಳಿಗ್ಗೆ ಇವರು ತಲೆ ಕೊಟ್ಟರು, ಮೀಸೆ ಕೊಡೋಣವೆಂದರೆ ಇರಲಿಲ್ಲ. ಚನ್ನರಾಯಪಟ್ಟಣಕ್ಕೆ ಕೊಟ್ಟಿರುವ ನಾದಿನಿ ಗೌರ ಎಲ್ಲರ ಮುಂದೆ ಅಂದಳು: "ಅಪ್ಪಂಗೆ ಕೊಡಾಕೆ ಏನೂ ಉಳಿಸ್ಕಂಡಿಲ್ಲ ನಮ್ಮಣ್ಣ. ಎಲ್ಲಾನೂ ನಾಟಕದೋರಿಗೇ ಕೊಟ್ಟವ್ನೆ."  ಅವತ್ತಿನಿಂದ ಇವರು ರಾಣಿಯ ಪಾರ್ಟು ಬಿಟ್ಟರು. ಹೇಗೂ ಹೊಟ್ಟೆ ಬಂದಿತ್ತು, ರಾಣಿಗೆ ಸೀರೆ ಸಾಲುತ್ತಿರಲಿಲ್ಲ. ಮೀಸೆ ಬಿಟ್ಟರು. ಅದು ಬೆಳೆಯಿತು, ತಿರುಗಿತು, ಕೆನ್ನೆಯವರೆಗೂ ಹೋಯಿತು. ಗಾಯದ ಗೆರೆ ಅದರಡಿ ಮುಚ್ಚಿಹೋಯಿತು. ಮೂವತ್ತೈದು ವರ್ಷ ಅದನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ರಿಟೈರಾಗಿ ಹಾಸನದಲ್ಲಿ ಸಾಲಗಾಮೆ ರಸ್ತೆಯ ಒಳಗಡೆ ಮನೆ ಮಾಡಿದೆವು. ಆ ಮೂರು ವರ್ಷ ನನ್ನ ಪಾಲಿಗೆ ದೊಡ್ಡ ಶಿಕ್ಷೆ. ಇವರು ದಿನವಿಡೀ ಮನೆಯಲ್ಲಿ. ಪಾತ್ರೆಯ ಮುಚ್ಚಳ ಎತ್ತಿ ನೋಡುವುದು, ಹುರುಳಿಕಾಯಿ ಹೇಗೆ ಮುರಿಯಬೇಕೆಂದು ಹೇಳುವುದು, ನಾಲೆಯ ತೂಬು ಅನ್ನುವ ಹಾಗೆ ನಲ್ಲಿಗಳನ್ನು ತಿರುಗಿಸಿ ತಿರುಗಿಸಿ ಹಾಳು ಮಾಡುವುದು. ಹೀಗಿರುವಾಗ ಹಾಸನದಲ್ಲಿ ಆದ ಒಂದು ನಾಟಕಕ್ಕೆ ಬೆಂಗಳೂರಿನವರು ಯಾರೋ ಬಂದಿದ್ದರು. ಇವರ ಅಭಿನಯ ನೋಡಿದರೋ ಇಲ್ಲವೋ, ಮೀಸೆ ನೋಡಿದರು. ತಿಂಗಳಲ್ಲಿ ಹದಿನೈದು ದಿನ ಶೂಟಿಂಗು ಅಂತ ಕರೆದುಕೊಂಡು ಹೋದರು. ನನಗೆ ಖುಷಿಯಾಯಿತು. ಗಂಡ ನಟನಾದ ಅಂತಲ್ಲ, ಅಡಿಗೆಮನೆ ಖಾಲಿಯಾಯಿತು ಅಂತ.

ನಾಲ್ಕು ದಿನ ಕಳೆದರೆ ಮಾತ್ರ ಸುಮ್ಮನೆ ಮುಚ್ಚಳ ಎತ್ತಿ ನಾನೇ ನೋಡುತ್ತಿದ್ದೆ. ಏನು ನೋಡುತ್ತಿದ್ದೆನೋ.

ಟೀವಿಯವನ ಹೆಂಡತಿ ಅಂದರೆ ರೇಷ್ಮೆ ಸೀರೆ ಉಟ್ಟು ತಿರುಗುತ್ತಾಳೆ ಅಂದುಕೊಳ್ಳಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಜನ ಇವರ ಪಕ್ಕ ನಿಲ್ಲುತ್ತಿದ್ದರು, ಫೋನನ್ನು ನನ್ನ ಕೈಗೆ ಕೊಡುತ್ತಿದ್ದರು. "ಅಮ್ಮಾ, ಇದನ್ನ ಒತ್ತಿ." ನಾನು ಒತ್ತಿದ ಫೋಟೋಗಳಲ್ಲಿ ಎಲ್ಲರಿಗೂ ಕತ್ತಿನವರೆಗೆ ಮೈ ಇರುತ್ತಿತ್ತು, ತಲೆ ಇರುತ್ತಿರಲಿಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ನನಗೆ ಕರಿಬೇವು ಕೊಡುವುದನ್ನೇ ನಿಲ್ಲಿಸಿದ್ದಳು.

"ಆ ಎಣ್ಮಗೀನ ಯಾಕಮ್ಮ ಅಂಗೆ ಅಳಿಸ್ತಾನೆ ನಿನ್ ಗಂಡ?"

"ಅದು ನಾಟಕ ಕಣೇ."

"ನಾಟಕ ಆದ್ರೇನು, ನೀನು ಒಂದ್ ಮಾತು ಹೇಳ್ಬಾರ್ದಾ?"

ನಾನು ಹೇಳಿದರೆ ಕೇಳುವ ಹಾಗಿದ್ದರೆ ನಲ್ಲಿಗಳು ಉಳಿಯುತ್ತಿದ್ದವು ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಅತ್ತೆ ನಮ್ಮ ಜೊತೆಗೇ ಇದ್ದರು. ಕಣ್ಣು ಮಂಜಾಗಿತ್ತು. ಟೀವಿಯ ಮುಂದೆ ಒಂದು ಮೊಳ ದೂರದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಮಗ ಕಾಣುತ್ತಿರಲಿಲ್ಲ, ಮೀಸೆ ಕಾಣುತ್ತಿತ್ತು, ಧ್ವನಿ ಕೇಳುತ್ತಿತ್ತು. "ಬಂದ ನೋಡು" ಅನ್ನುತ್ತಿದ್ದರು. ಆ ಬಂದವನೊಡನೆ ಅರ್ಧ ಗಂಟೆ ಮಾತಾಡುತ್ತಿದ್ದರು. "ಯಾಕ್ಲಾ ಅಂಗೆ ಕೂಗಾಡ್ತೀಯ, ಉಂಡ್ಯೇನ್ಲಾ?" ಅದೇ ಮಗ ಬೆಂಗಳೂರಿನಿಂದ ಬಂದು ಎದುರಿಗೆ ನಿಂತರೆ, "ಯಾರಪ್ಪ, ಕರೆಂಟ್ ಬಿಲ್ಲೋನಾ?" ಇವರಿಗೆ ಅದು ಚುಚ್ಚುತ್ತಿತ್ತು. ನನಗೆ ನಗು ಬರುತ್ತಿತ್ತು.

ಅತ್ತೆ ತೀರಿಕೊಳ್ಳುವುದಕ್ಕೆ ಒಂದೆರಡು ತಿಂಗಳ ಮುಂಚೆ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಕೇಳಿದರು.

"ನಿಂಗವ್ವ, ಅವ್ನ ಮೂತಿ ಮೇಲೆ ನಾ ಒಡ್ದಿದ್ದು ಇನ್ನೂ ಐತಾ?"

"ಐತೆ ಅತ್ತೆ. ಎಲ್ಲಿಗೋಯ್ತದೆ."

"ನೀ ನೋಡ್ದ್ಯಾ?"

"ಮೀಸೆ ಐತಲ್ಲ, ಎಂಗ್ ನೋಡ್ಲಿ."

"ಒಂದ್ಸಲ ತೆಗ್ಸು ಅಂತ ಹೇಳು. ಕೈಯಲ್ಲಾರಾ ಮುಟ್ಟಿ ನೋಡ್ತೀನಿ."

"ಟೀವಿಯೋರು ಬಿಡಲ್ಲ ಅತ್ತೆ."

 "ನಾ ಸತ್ರೆ ಬುಡ್ತಾರೆ ಬುಡು" ಅಂದು ಇನ್ನೊಂದು ಕಾಲು ಮುಂದಿಟ್ಟರು.

ಇದನ್ನು ನಾನು ಇವರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ಇವರು ತೆಗೆಸಿಬಿಡುತ್ತಿದ್ದರು. ತೆಗೆಸಿದ್ದರೆ ಕೆಲಸ ಹೋಗುತ್ತಿತ್ತು, ಮತ್ತೆ ಮುಚ್ಚಳ, ಮತ್ತೆ ನಲ್ಲಿ. ನನ್ನ ನೆಮ್ಮದಿ ನೋಡಿಕೊಂಡೆ. ತಪ್ಪು ಮಾಡಿದೆ ಅಂತ ಆಗ ಅನ್ನಿಸಲಿಲ್ಲ, ಎಣ್ಣೆ ಜಾಸ್ತಿಯಾಯಿತು ಅನ್ನಿಸಿತು.

ಅತ್ತೆ ಹೋದ ಹೊತ್ತಿಗೆ ಧಾರಾವಾಹಿಯಲ್ಲಿ ಆ ಮಗಳ ಮದುವೆ ನಡೆಯುತ್ತಿತ್ತು. ಒಂದು ತಿಂಗಳಿಂದ ನಡೆಯುತ್ತಿತ್ತು. ಧಾರೆಯ ಚೊಂಬು ಇವರ ಕೈಯಲ್ಲಿ, ಹಾಲು ಇನ್ನೇನು ಬೀಳಬೇಕು, ಅಷ್ಟರಲ್ಲಿ ಯಾರೋ "ನಿಲ್ಲಿಸಿ" ಅನ್ನುತ್ತಾರೆ, ಎಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ತೋರಿಸುತ್ತಾರೆ, ಅವತ್ತಿಗೆ ಮುಗಿಯುತ್ತದೆ. ಮಾರನೆಯ ದಿನ ಮತ್ತೆ ಚೊಂಬು. ಹೀಗೆ ಚೊಂಬು ಬಾಗಿರುವಾಗಲೇ ನಾನು ಫೋನು ಮಾಡಿದೆ. "ಅತ್ತೆ ಓದ್ರು, ಬನ್ನಿ" ಅಂದೆ. ಇವರು ಬಸ್ಸು ಹತ್ತಿ ಬಂದರು. ಮುಖದ ಬಣ್ಣ ಒರೆಸಿಕೊಂಡಿದ್ದರು. ಮೀಸೆಗೆ ಹಚ್ಚಿದ ಕಪ್ಪು ಬಣ್ಣ ಮಾತ್ರ ಮಿರಮಿರ ಮಿಂಚುತ್ತಿತ್ತು. ತಲೆ ಬೆಳ್ಳಗೆ, ಮೀಸೆ ಕಪ್ಪಗೆ.

ಅರಕಲಗೂಡಿನ ಹತ್ತಿರ ಇವರ ಊರು. ಅಲ್ಲಿಗೆ ಒಯ್ದು ಮಣ್ಣು ಮಾಡಿದೆವು. ಮೂರನೇ ದಿನ ಹಾಲುತುಪ್ಪ ಬಿಟ್ಟು ಬರುತ್ತಿದ್ದಾಗ ಶೂಟಿಂಗಿನ ಮ್ಯಾನೇಜರ ಫೋನು ಬಂತು. ಇವರಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಅರ್ಧ ಊರು ಕೇಳಿಸಿಕೊಂಡಿತು.

"ಸಾರ್, ತುಂಬಾ ದುಃಖದ ವಿಷಯ. ನಿಧಾನವಾಗಿ ಕಾರ್ಯ ಮುಗಿಸಿ ಬನ್ನಿ. ಆದ್ರೆ ಸಾರ್, ಮೀಸೆ ಮಾತ್ರ ಮುಟ್ಬೇಡಿ. ತಲೆ ಏನಾದ್ರೂ ಮಾಡ್ಕೊಳ್ಳಿ, ಪೇಟ ಇರುತ್ತೆ. ಹಾಲು ಬಿಡೋಕೆ ಶುರು ಮಾಡಿದಾಗ ಮೀಸೆ ಇತ್ತು, ಬಿಟ್ಟು ಮುಗಿಸುವಾಗ ಇಲ್ಲ ಅಂದ್ರೆ ಕಂಟಿನ್ಯೂಟಿ ಹೋಗುತ್ತೆ."

"ನಿಮ್ಮ ಕಡೆ ಅಂಟ್ಸೋ ಮೀಸೆ ಇಲ್ವಾ?" ಅಂದರು ಇವರು.

"ಇದೆ ಸಾರ್, ಹತ್ತಿರದಿಂದ ಶಾಟ್ ತೆಗೆದ್ರೆ ಗೊತ್ತಾಗುತ್ತೆ. ಮೀಸೆ ಇಲ್ಲ ಅಂದ್ರೆ ದೊಡ್ಡಯ್ಯನ್ನ ಕಾಶಿಗೆ ಕಳ್ಸಿ, ಪಾತ್ರ ಮುಗಿಸ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಗೌರ ಅಲ್ಲೇ ಇದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಣ್ಣನ ಮುಂದೆ ನಿಂತಳು.

"ಅಣ್ಣಯ್ಯ, ಅಪ್ಪಂಗೂ ಕೊಡ್ಲಿಲ್ಲ. ಅವ್ವಂಗೂ ಇಲ್ಲ ಅಂದ್ರೆ ನಾನು ತಿಥಿ ಊಟಕ್ಕೆ ಎಲೆ ಮುಂದೆ ಕೂರಾಕಿಲ್ಲ. ನಮ್ ಪಟ್ಟಣದೋರು ಯಾರೂ ಕೂರಾಕಿಲ್ಲ."

"ತಲೆ ಕೊಡ್ತೀನಲ್ಲವ್ವ."

"ತಲೆ ಎಲ್ರೂ ಕೊಡ್ತಾರೆ, ತಿರುಪತಿಗೂ ಕೊಡ್ತಾರೆ."

ಇವಳ ಮಾತಿನಲ್ಲಿ ತಪ್ಪು ಹುಡುಕಲು ನಾನು ಎಂಟು ದಿನ ಪ್ರಯತ್ನಪಟ್ಟೆ. ಸಿಗಲಿಲ್ಲ. ಗೌರಳಿಗೂ ನನಗೂ ಯಾವತ್ತೂ ಅಷ್ಟಕ್ಕಷ್ಟೆ. ನಾನು ಮಾಡಿದ ಸಾರಿಗೆ ಅವಳು ಉಪ್ಪು ಹಾಕಿಕೊಳ್ಳುತ್ತಾಳೆ, ರುಚಿ ನೋಡುವುದಕ್ಕೆ ಮುಂಚೆಯೇ.

ಆ ಎಂಟು ದಿನ ನಾನು ಕೂತದ್ದೇ ಇಲ್ಲ. ಸಾವಿನ ಮನೆಯಲ್ಲಿ ಹೆಂಗಸರಿಗೆ ಕೂರುವುದೇ ಕೆಲಸ, ಬಂದವರ ಜೊತೆ ಅಳಬೇಕು, ಹೋದವರ ಗುಣ ಹೇಳಬೇಕು. ನಾನು ಗುಡಿಸಿದ ಅಂಗಳವನ್ನೇ ಗುಡಿಸಿದೆ. ಅತ್ತೆಯ ಸೀರೆಗಳನ್ನು ಮಡಿಚಿದೆ, ಬಿಚ್ಚಿದೆ, ಮತ್ತೆ ಮಡಿಚಿದೆ. ಬಾವಿಯಿಂದ ಬೇಡದ ನೀರು ಸೇದಿದೆ. "ಸೊಸೆಗೆ ಒಂದು ತೊಟ್ಟು ಕಣ್ಣೀರಿಲ್ಲ" ಅಂತ ಯಾರೋ ಅಂದರು. ಸರಿಯೇ, ಇರಲಿಲ್ಲ. ನಲವತ್ತಮೂರು ವರ್ಷ ಒಂದೇ ಒಲೆಯ ಮುಂದೆ ಇದ್ದವರು ನಾವು. ಅಳುವುದನ್ನೆಲ್ಲ ಮೊದಲ ಹತ್ತು ವರ್ಷದಲ್ಲೇ ಅವರ ಕೈಯಲ್ಲಿ ಮುಗಿಸಿದ್ದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ನಾ ಸತ್ರೆ ಬುಡ್ತಾರೆ ಬುಡು.

ಇವರು ಜಗಲಿಯ ಮೂಲೆಯಲ್ಲಿ ಕೂತು ಮೀಸೆಯ ತುದಿ ತಿರುವುತ್ತಿದ್ದರು. ನಾನು ಹಾದುಹೋದಾಗಲೆಲ್ಲ, "ನಿಂಗಿ, ನೀನೇ ಏಳು, ಏನ್ ಮಾಡ್ಲಿ" ಅನ್ನುತ್ತಿದ್ದರು.

"ಅವ್ವ ನಿಮ್ಮವ್ವ, ಮೀಸೆ ನಿಮ್ಮದು. ನನ್ನ ಕೇಳ್ತೀರಾ?"

"ಟೀವಿ ಬಿಟ್ರೆ ನಾ ಏನ್ ಮಾಡ್ಲಿ ಏಳು. ನಲ್ಲಿ ತಿರುಗಿಸ್ತಾ ಕೂತ್ಕಳ್ಳಾ?"

ಅಂದರೆ ಅವರಿಗೂ ಗೊತ್ತಿತ್ತು. ಇಷ್ಟು ವರ್ಷ ನನಗೊಬ್ಬಳಿಗೇ ಆ ಮೂರು ವರ್ಷ ನರಕ ಅಂದುಕೊಂಡಿದ್ದೆ. ಬೇಡದ ಆಳಿನ ಹಾಗೆ ಮನೆಯೊಳಗೆ ತಿರುಗುತ್ತಿದ್ದದ್ದು ಅವರಿಗೂ ಸುಖವಾಗಿರಲಿಲ್ಲ. ನಾನು ಕೊಟ್ಟಿಗೆಗೆ ಹೋಗಿ ಗುಡಿಸಿದೆ. ಕೊಟ್ಟಿಗೆಯಲ್ಲಿ ದನ ಇರಲಿಲ್ಲ, ಮಾರಿ ವರ್ಷಗಳಾಗಿದ್ದವು. ಮೂಲೆಯಲ್ಲಿ ಒಂದು ಹಳೆಯ ಸೊಳ್ಳೆಪರದೆ ಸುರುಳಿ ಸುತ್ತಿ ಬಿದ್ದಿತ್ತು. ಅದನ್ನು ನೋಡಿದೆ. ಪೊರಕೆ ಅಲ್ಲೇ ಬಿಟ್ಟು ಬಂದೆ.

ಹನ್ನೊಂದನೇ ದಿನ ಬೆಳಿಗ್ಗೆ ನಾಲೆಯ ದಡಕ್ಕೆ ಹೋದರು. ಇವರೇ ಒಂದು ಕಾಲದಲ್ಲಿ ನೀರು ಬಿಡುತ್ತಿದ್ದ ನಾಲೆ. ಕ್ಷೌರದ ಕೆಂಚಣ್ಣ ಕಲ್ಲಿನ ಮೇಲೆ ಇವರನ್ನು ಕೂರಿಸಿದ. ಹೆಂಗಸರು ದೂರ ನಿಲ್ಲುವುದು ಪದ್ಧತಿ. ದೂರವೇ ನಿಂತಿದ್ದೆವು, ಗೌರ ಮುಂದೆ, ನಾನು ಅವಳ ಹಿಂದೆ. ತಲೆ ಆಯಿತು. ಬಿಳಿ ಕೂದಲು ಇವರ ಮಡಿಲಿನ ಬಟ್ಟೆಯ ಮೇಲೆ ಬಿತ್ತು. ಕೆಂಚಣ್ಣ ಕತ್ತಿ ಒರೆಸಿಕೊಂಡು ನಿಂತ.

"ಏನ್ ಮಾಡಾನ ಗೌಡ್ರೆ?"

 ಇವರ ಜೇಬಿನಲ್ಲಿದ್ದ ಫೋನು ಅದೇ ಹೊತ್ತಿಗೆ ಹೊಡೆದುಕೊಳ್ಳತೊಡಗಿತು. ಇವರು ತೆಗೆಯಲಿಲ್ಲ, ನಿಲ್ಲಿಸಲೂ ಇಲ್ಲ. ತಲೆ ಎತ್ತಿ ಗೌರಳನ್ನು ದಾಟಿ ನನ್ನನ್ನು ನೋಡಿದರು. ರಾಣಿಯ ವೇಷದಲ್ಲಿ ಸಿಂಹಾಸನದಿಂದ ನೋಡಿದರಲ್ಲ, ಹಾಗಲ್ಲ. ಪರೀಕ್ಷೆಯಲ್ಲಿ ಏನೂ ಬರೆಯದೆ ಕೂತವರ ಹಾಗೆ.

ಪದ್ಧತಿ ಬಿಟ್ಟು ಹತ್ತಿರ ಹೋದೆ.

"ಕೆಂಚಣ್ಣ, ಆ ಬಟ್ಟೆ ತೆಗೆದು ನನಗೆ ಕೊಡು. ಬೇರೆ ಬಟ್ಟೆ ಹಾಸು. ಕತ್ತಿ ಬೇಡ, ಮೊದ್ಲು ಕತ್ರಿ ತಗೋ. ಬುಡಕ್ಕೆ ಇಟ್ಟು ಕತ್ರಿಸು, ಚೂರು ಚೂರು ಮಾಡ್ಬ್ಯಾಡ. ಆಮೇಲೆ ಕತ್ತಿ ಹಾಕು."

"ಯಾಕ್ರವ್ವ, ಎಂಗಾದ್ರೂ ನೀರಿಗೆ ಬುಡಾದೆ."

"ಹೇಳಿದಷ್ಟು ಮಾಡು."

ಕತ್ತರಿ ಕಚ ಕಚ ಅಂತು. ಮೂವತ್ತೈದು ವರ್ಷದ ಮೀಸೆ ನಾಲ್ಕು ಸಲದಲ್ಲಿ ಇಳಿಯಿತು. ಕತ್ತಿ ಆಡಿದ ಮೇಲೆ ಇವರ ಮುಖ ಪುಕ್ಕ ಕಿತ್ತ ಕೋಳಿಯ ಹಾಗಿತ್ತು. ನಮ್ಮ ಮನೆಯಲ್ಲಿ ಚಕ್ಕುಲಿಯ ತಟ್ಟೆಯ ಮುಂದೆ ಕೂತಿದ್ದ ಅದೇ ಮುಖ, ನಲವತ್ತಮೂರು ವರ್ಷ ನೆನೆಸಿ ಹಿಂಡಿದ ಹಾಗೆ. ಮೇಲ್ದುಟಿಯ ಮೇಲೆ ಆ ಗೆರೆ ಇತ್ತು. ಸುತ್ತಲಿನ ಚರ್ಮ ಬೆಳ್ಳಗಿದ್ದದ್ದರಿಂದ ನಿನ್ನೆ ಮೊನ್ನೆ ಆದ ಹಾಗೆ ಕಂಡಿತು.

"ಅವ್ವ ಒಡ್ದಿದ್ದು" ಅಂದಳು ಗೌರ. "ಅಂಗೇ ಐತೆ." ಆಮೇಲೆ ಮುಖ ತಿರುಗಿಸಿ ನಾಲೆಯ ನೀರು ನೋಡಿದಳು.

ಫೋನು ಮತ್ತೆ ಹೊಡೆದುಕೊಂಡಿತು. ಇವರ ಜೇಬಿನಿಂದ ನಾನೇ ತೆಗೆದೆ.

"ನಾನು ಅವರ ಹೆಂಡ್ತಿ ಕಣಪ್ಪ. ಮೀಸೆ ಓಯ್ತು. ನಾಡಿದ್ದು ಮೀಸೆ ಇಟ್ಕಂಡೇ ಬತ್ತಾರೆ."

"ಅಮ್ಮಾ, ಎರಡು ದಿನದಲ್ಲಿ ಮೀಸೆ ಹೇಗಮ್ಮ ಬರುತ್ತೆ?"

"ಬಂದ್ಮೇಲೆ ನೋಡು. ಸರಿ ಇಲ್ಲ ಅಂದ್ರೆ ಕಾಶಿಗೆ ಕಳ್ಸು. ನಾನೂ ಓಗಿಲ್ಲ, ಜೊತೆಗೆ ಬತ್ತೀ‌ನಿ" ಅಂದು ಫೋನು ಇಟ್ಟೆ.

ಕೆಂಚಣ್ಣ ಎರಡನೇ ಬಟ್ಟೆಯನ್ನು ನನ್ನ ಕಡೆ ಚಾಚಿದ. "ನೀರಿಗೆ ಬುಡಿ ಅವ್ವಾ." ಎರಡು ಬಟ್ಟೆಯನ್ನೂ ತೆಗೆದುಕೊಂಡು ಮೆಟ್ಟಿಲಿಳಿದೆ. ಬಿಳಿಯದನ್ನು ಕೊಡವಿದೆ. ಅದು ನೊರೆಯ ಹಾಗೆ ತಿರುಗುತ್ತಾ ಹೋಯಿತು. ಕಪ್ಪಿನದರಲ್ಲಿ ಒಂದು ಚಿಟಿಕೆ ಬಿಟ್ಟೆ, ಅತ್ತೆಯ ಪಾಲಿಗೆ. ಉಳಿದದ್ದನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿದೆ. ಹಾಗೆ ಮಾಡಬಾರದು. ಸೂತಕದ ಕೂದಲು ಮನೆಗೆ ತರುವವರನ್ನು ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ.

ಮೆಟ್ಟಿಲು ಹತ್ತಿ ಬಂದಾಗ ಗೌರ ನನ್ನ ಸೊಂಟವನ್ನೇ ನೋಡುತ್ತಿದ್ದಳು.

"ಅದೇನು ಅತ್ತಿಗೆ?"

"ಎಲೆ ಅಡಿಕೆ."

"ಯಾವಾಗ ಹಾಕಾಕೆ ಕಲಿತೆ?"

"ಇವತ್ತು."

 ಮಧ್ಯಾಹ್ನ ಎಲೆಯ ಮುಂದೆ ಕೂತಳು. ಅವಳ ಪಟ್ಟಣದವರೂ ಕೂತರು. ಸಾರಿಗೆ ಉಪ್ಪು ಹಾಕಿಕೊಂಡಳು, ಎಂದಿನ ಹಾಗೆ, ರುಚಿ ನೋಡದೆ.

ಮುಂದಿನದು ನಿಮಗೆ ಗೊತ್ತಿರುವುದೇ. ಧಾರಾವಾಹಿಯಲ್ಲಿ ಧಾರೆಯ ಹಾಲು ಕೊನೆಗೂ ಬಿತ್ತು, ನೀವೂ ನೋಡಿದ್ದೀರಿ. ಮೀಸೆ ಬೇರೆ ಅಂತ ನಿಮ್ಮಲ್ಲಿ ಒಬ್ಬರಿಗಾದರೂ ಅನ್ನಿಸಿತೇ? ಆಮೇಲೆ ಇವರಿಗೆ ಮೀಸೆ ಬೆಳೆಯಿತು, ಡಬ್ಬಿಯದು ಡಬ್ಬಿಗೆ ಬಂತು. ಈಗ ಇನ್ನೊಂದು ಧಾರಾವಾಹಿಯಲ್ಲಿ ತಾತನಾಗಿದ್ದಾರೆ, ಮಾತು ಕಡಿಮೆ, ಕೆಮ್ಮು ಜಾಸ್ತಿ. ನಾನು ಹೇಳುವುದಕ್ಕೆ ಹೊರಟದ್ದು ಅದಲ್ಲ, ತಿಥಿಯ ಮಾರನೆಯ ಬೆಳಿಗ್ಗೆ.

ಮಾರನೆಯ ಬೆಳಿಗ್ಗೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂತೆ. ಗಂಟು ಬಿಚ್ಚಿ ಸುರಿದೆ. ಕಪ್ಪಿನ ನಡುವೆ ತಲೆಯ ಬಿಳಿ ಕೂದಲು ಅಲ್ಲೊಂದು ಇಲ್ಲೊಂದು ಸೇರಿಕೊಂಡಿತ್ತು, ಅಕ್ಕಿ ಆರಿಸುವ ಹಾಗೆ ಆರಿಸಿದೆ. ಸೊಳ್ಳೆಪರದೆಯ ಚೂರು ಕತ್ತರಿಸಿದೆ. ಜಾಲಿ ಅಂಟನ್ನು ಹಿಂದಿನ ದಿನವೇ ನೆನೆಹಾಕಿದ್ದೆ. ಎಲ್ಲ ಆಯಿತು, ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಲಿಲ್ಲ. ಐದಾರು ಸಲ ನಾಲಿಗೆಗೆ ದಾರ ತಾಗಿಸಿ ಪ್ರಯತ್ನಿಸಿದೆ.

ಗೌರ ಹಲ್ಲುಜ್ಜಿಕೊಂಡು ಬಂದಳು. ಮೊರ ನೋಡಿದಳು, ನನ್ನ ಮುಖ ನೋಡಿದಳು.

"ಎಲೆ ಅಡಿಕೆ ಕರ್ರಗಾಗೈತಲ್ಲ ಅತ್ತಿಗೆ."

ನಾನು ಸೂಜಿಯನ್ನು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದೆ.

"ಸೂತಕದ್ದು ಕಣತ್ತಿಗೆ. ಇದ್ನ ಇಟ್ಕಂಡು ಅಲ್ಲಿ ಮದ್ವೇಲಿ ಧಾರೆ ಉಯ್ತಾನಾ?"

"ಸೂತಕ ನಿನ್ನೆಗೆ ಕಳೀತು. ಆ ಮದ್ವೆ ಒಂದು ತಿಂಗ್ಳಿಂದ ಕಳೀತಿಲ್ಲ. ಯಾವುದು ಮೇಲು ನೀನೇ ಏಳು."

ಅವಳು ಬಾಯಿ ಮುಕ್ಕಳಿಸಿ ಬಂದು ಎದುರಿಗೆ ಕೂತಳು. ನನ್ನ ಕೈಯಿಂದ ಸೂಜಿ ಕಿತ್ತುಕೊಂಡಳು. ಒಂದೇ ಸಲಕ್ಕೆ ದಾರ ಪೋಣಿಸಿ ವಾಪಸ್ಸು ಕೊಟ್ಟಳು. "ಅವ್ವಂಗೆ ಕಣ್ಣಿಗೆ ಕಾಣ್ತಿದ್ದದ್ದು ಇದೊಂದೇ ತಾನೆ" ಅಂದಳು. ಆಮೇಲೆ ಉಳಿದ ಬಿಳಿಯದನ್ನು ಆರಿಸತೊಡಗಿದಳು.

ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಮುಗಿಯಿತು. ಎಡಗಡೆ ತುದಿಗೆ ಕೂದಲು ಸಾಲಲಿಲ್ಲ. ಗೌರ ಕಾಫಿ ಕಾಯಿಸಲು ಒಳಗೆ ಹೋದಾಗ ನನ್ನ ತುರುಬಿನ ಚೌರಿಯಿಂದ ಒಂದಷ್ಟು ಎಳೆ ಕಿತ್ತು ಸೇರಿಸಿದೆ. ಆ ಚೌರಿ ನಾನು ಗೊರೂರಿನಲ್ಲಿದ್ದಾಗ ಉದುರಿದ ನನ್ನದೇ ಕೂದಲಿನದು, ಆಗ ಕಪ್ಪಗಿತ್ತು. ಇದನ್ನು ಇವರಿಗೂ ಹೇಳಿಲ್ಲ, ಗೌರಳಿಗೂ ಹೇಳಿಲ್ಲ.

ಇವರನ್ನು ಕರೆದು ಕೂರಿಸಿದೆ. ಗಲ್ಲ ಹಿಡಿದು ಎತ್ತಿದೆ. ಆ ಗೆರೆಯ ಮೇಲೆ ಹೆಬ್ಬೆರಳು ಒಂದು ಸಲ ಆಡಿಸಿ ನೋಡಿದೆ. ಒರಟಾಗಿತ್ತು. "ಐತೆ ಅತ್ತೆ" ಅಂದೆ.

"ಯಾರ ಜೊತೆ ಮಾತಾಡ್ತಿದ್ದೀಯ?" ಅಂದರು ಇವರು.

"ನಿಮ್ಮ ಜೊತೆ ಅಲ್ಲ. ಬಾಯಿ ಮುಚ್ಚಿ."

ಅಂಟು ಸವರಿ, ಮೀಸೆ ಇಟ್ಟು, ಎರಡೂ ಕಡೆ ಬೆರಳಿನಿಂದ ಒತ್ತಿ ಹಿಡಿದೆ. ಒಣಗುವ ತನಕ ತುಟಿ ಅಲ್ಲಾಡಬಾರದು ಅಂದೆ. ನನ್ನ ಮಾತು ಕೇಳಿ ಅವರು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಗೌರ ಏನೋ ಬೈದುಕೊಂಡಳು. ಅಂಗಳದಲ್ಲಿ ನಿನ್ನೆಯ ಎಲೆಗಳು ಹಾಗೇ ಬಿದ್ದಿದ್ದವು. ಒಣಗುವ ತನಕ ನಾನೂ ಏಳಲಿಲ್ಲ.